ಕೇಳುವವರನ್ನು ಕೇಳುವವರಾರು?

ಸುಖವನ್ನು ಹಂಚಿಕೊಂಡರೆ ಇಮ್ಮಡಿಯಾಗುತ್ತದೆ, ದುಃಖವನ್ನು ಹಂಚಿಕೊಂಡರೆ ಅರ್ಧವಾಗುತ್ತದೆ ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ, ಇತರರಿಗೆ ಹೇಳಿಯೂ ಇದ್ದೇವೆ. ಮಾತು ಸುಳ್ಳಲ್ಲ. ಆದರೆ ತರಗತಿಯಲ್ಲಿ ಲೆಕ್ಕ ಹೇಳಿಕೊಟ್ಟ ಅಭ್ಯಾಸವುಳ್ಳ ನಮ್ಮಂಥವರಿಗೆ ಇಲ್ಲೊಂದು ಸಂದೇಹ ಏಳುತ್ತದೆ. ಹೇಳಿಕೊಂಡವನ ದುಃಖ ಅರ್ಧಕ್ಕಿಳಿದರೆ ಉಳಿದ ಅರ್ಧ ಎಲ್ಲಿಗೆ ಹೋಯಿತು? ಗಾಳಿಯಲ್ಲಿ ಕರಗಿತೇ? ಕೇಳಿದವನ ಎದೆಯೊಳಗೆ ಇಳಿಯಿತೇ? ಒಬ್ಬರ ಅರ್ಧವಾದರೆ ಯಾರೂ ಹೊತ್ತಾರು. ದಿನಕ್ಕೆ ಐದಾರು ಮಂದಿಯ, ವರ್ಷಕ್ಕೆ ನೂರಾರು ಮಂದಿಯ ಅರ್ಧಗಳನ್ನು ಹೊರುವುದನ್ನೇ ವೃತ್ತಿಯಾಗಿ ಸ್ವೀಕರಿಸಿದವರ ಗತಿಯೇನು?

ಆಪ್ತಸಮಾಲೋಚಕರು, ಮನಶ್ಚಿಕಿತ್ಸಕರು, ಮನೋವೈದ್ಯರು ಎಂಬ ಹೆಸರುಗಳಿಂದ ನಮ್ಮ ನಡುವೆ ಇರುವವರು ಇಂಥವರು. ಅತ್ಯಾಚಾರಕ್ಕೊಳಗಾದವರು, ಕಣ್ಣೆದುರಿನಲ್ಲೇ ಮಕ್ಕಳನ್ನು ಕಳೆದುಕೊಂಡವರು, ಯುದ್ಧ, ಗಲಭೆ, ಪ್ರವಾಹಗಳಿಂದ ಬದುಕಿ ಉಳಿದವರು ಇವರ ಮುಂದೆ ಕುಳಿತು ಹೇಳುತ್ತಾರೆ. ಇವರು ಕೇಳುತ್ತಾರೆ. ಕೇಳುವುದೇ ಇವರ ಮದ್ದು, ಕೇಳುವುದೇ ಇವರ ಉಪಕರಣ. ಬಡಗಿಯ ಉಳಿ ಮೊಂಡಾದರೆ ಮಸೆಗಲ್ಲಿಗೆ ಹೋಗುತ್ತದೆ. ಮನಸ್ಸನ್ನೇ ಉಪಕರಣವಾಗಿ ಬಳಸುವವರ ಮನಸ್ಸು ಮೊಂಡಾದರೆ ಎಲ್ಲಿಗೆ ಹೋಗಬೇಕು? ಪರರ ನೋವಿಗಾಗಿ ತನ್ನನ್ನು ಎಷ್ಟರ ಮಟ್ಟಿಗೆ ತೆತ್ತುಕೊಳ್ಳಬೇಕು, ಎಲ್ಲಿ ನಿಲ್ಲಬೇಕು, ನಿಲ್ಲುವುದು ಧರ್ಮವೋ ದ್ರೋಹವೋ ಎಂಬ ಪ್ರಶ್ನೆಯೇ ಇದರ ಹಿಂದಿರುವುದು. ಇದು ವೈದ್ಯಶಾಸ್ತ್ರಕ್ಕೆ ಮಾತ್ರ ಸೇರಿದ ಪ್ರಶ್ನೆಯಲ್ಲವೆಂದು ನಮ್ಮ ಭಾವನೆ.

ಕೇಳುವ ಕೆಲಸ ಹಿಂದೆಯೂ ಇತ್ತು, ಆದರೆ ಅದು ಒಬ್ಬರ ಕೆಲಸವಾಗಿರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಸಾವಿನ ಮನೆಯ ಒಲೆ ಉರಿಯುತ್ತಿರಲಿಲ್ಲ, ನೆರೆಮನೆಯಿಂದ ಗಂಜಿ ಬರುತ್ತಿತ್ತು. ಬಂದವರೆಲ್ಲ ಒಂದಿಷ್ಟು ಹೊತ್ತು ಕುಳಿತು, ಸತ್ತವರ ಕಥೆಯನ್ನು ಮತ್ತೆ ಮತ್ತೆ ಕೇಳಿ, ತಾವೂ ಎರಡು ಮಾತಾಡಿ ಎದ್ದು ಹೋಗುತ್ತಿದ್ದರು. ಹಾಗೆ ಹೋದವರು ತಮ್ಮ ಮನೆಯ ಹೊರಗೆ ಮಿಂದೇ ಒಳಗೆ ಕಾಲಿಡುತ್ತಿದ್ದರು. ಇದರಲ್ಲಿ ಸೂತಕ, ಮಡಿ ಎಂಬ ನಂಬಿಕೆಗಳು ಬೆರೆತಿದ್ದವು. ಅದೇ ಮಡಿಯ ಹೆಸರಿನಲ್ಲಿ ಮನುಷ್ಯರನ್ನು ದೂರವಿಟ್ಟ ಚರಿತ್ರೆಯೂ ನಮ್ಮದೇ, ಅದನ್ನು ಸಮರ್ಥಿಸುವ ಉದ್ದೇಶ ನಮಗಿಲ್ಲ. ಆದರೆ ಆ ಸ್ನಾನದೊಳಗೆ ಒಂದು ವಿವೇಕವೂ ಅಡಗಿತ್ತು. ಪರರ ಶೋಕದ ಮನೆಗೆ ಹೋಗಲೇಬೇಕು, ಅಲ್ಲಿಂದ ಮರಳಿ ಬರಲೂ ಬೇಕು, ಹೋಗುವುದಕ್ಕೂ ಬರುವುದಕ್ಕೂ ನಡುವೆ ಒಂದು ಗಡಿ ಇರಬೇಕು ಎಂಬುದೇ ಆ ವಿವೇಕ.

ಇಂದು ಆ ನೂರು ಜನರ ಕೆಲಸವನ್ನು ಒಬ್ಬರು ಮುಚ್ಚಿದ ಬಾಗಿಲಿನ ಹಿಂದೆ ಮಾಡುತ್ತಾರೆ. ಅದೂ ಗುಟ್ಟಿನ ಕಟ್ಟಿಗೆ ಒಳಪಟ್ಟು. ರೋಗಿ ಹೇಳಿದ್ದನ್ನು ಹೊರಗೆ ಆಡಬಾರದೆಂಬುದು ವೃತ್ತಿಯ ಹಳೆಯ ಧರ್ಮ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ಅದನ್ನು ರೋಗಿಯ ಹಕ್ಕನ್ನಾಗಿಯೂ ಮಾಡಿದೆ. ಅದು ಸರಿಯಾದುದೇ. ಆದರೆ ಅದರ ಇನ್ನೊಂದು ಮುಖವನ್ನು ಗಮನಿಸಬೇಕು. ಹೊಲದಲ್ಲಿ ದುಡಿದು ಬಂದವನು ಬೆನ್ನು ನೋವೆಂದು ಹೆಂಡತಿಯೊಡನೆ ಹೇಳಬಹುದು. ಶಾಲೆಯಿಂದ ಬಂದ ಅಧ್ಯಾಪಕರು ಇಂದು ಇಂಥ ಹುಡುಗ ಇಂಥ ಕಿತಾಪತಿ ಮಾಡಿದನೆಂದು ಊಟದ ಹೊತ್ತಿಗೆ ಹೇಳಿ ನಗಬಹುದು. ಸಮಾಲೋಚಕಿ ಮನೆಗೆ ಬಂದಾಗ “ಇವತ್ತು ಏನಾಯಿತು?” ಎಂದು ಮನೆಯವರು ಕೇಳಿದರೆ “ಏನಿಲ್ಲ” ಎಂಬ ಒಂದೇ ಉತ್ತರ ಅವರ ಬಳಿ ಇರುವುದು.

ಈ ಭಾರಕ್ಕೆ ಶಾಸ್ತ್ರಜ್ಞರು ಹೆಸರಿಟ್ಟು ಐವತ್ತು ವರ್ಷಗಳಷ್ಟೇ ಆಗಿವೆ. ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯವೊಂದರಲ್ಲಿ ದುಡಿಯುತ್ತಿದ್ದ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು ಸ್ವಯಂಸೇವಕರು ಒಬ್ಬೊಬ್ಬರಾಗಿ ಬತ್ತಿಹೋಗುವುದನ್ನು ಕಂಡು 1974ರಲ್ಲಿ ಅದನ್ನು ‘ಬರ್ನ್‌ಔಟ್’ ಎಂದು ಕರೆದರು. ಎಣ್ಣೆ ತೀರಿದ ಮೇಲೆ ಬತ್ತಿಯೇ ಉರಿಯುವ ಸ್ಥಿತಿ ಎನ್ನಬಹುದು. 1990ರಲ್ಲಿ ಮೆಕ್‌ಕ್ಯಾನ್ ಮತ್ತು ಪರ್ಲ್‌ಮನ್ ಎಂಬಿಬ್ಬರು ವಿದುಷಿಯರು ಇದಕ್ಕಿಂತ ಭಿನ್ನವಾದ ಇನ್ನೊಂದನ್ನು ಗುರುತಿಸಿದರು. ಅದನ್ನು ಕನ್ನಡದಲ್ಲಿ ‘ಪರೋಕ್ಷ ಆಘಾತ’ ಎನ್ನಬಹುದು. 1992ರಲ್ಲಿ ಕಾರ್ಲಾ ಜಾಯ್ನ್‌ಸನ್ ಅವರು ದಾದಿಯರ ಬಗ್ಗೆ ಬರೆಯುತ್ತ ‘ಕರುಣೆಯ ದಣಿವು’ ಎಂಬ ಮಾತನ್ನು ಬಳಸಿದರು. 1995ರಲ್ಲಿ ಚಾರ್ಲ್ಸ್ ಫಿಗ್ಲಿ ಅವರ ಗ್ರಂಥದಿಂದ ಆ ಮಾತು ಲೋಕಕ್ಕೆಲ್ಲ ಪರಿಚಿತವಾಯಿತು.

ದಣಿವಿಗೂ ಪರೋಕ್ಷ ಆಘಾತಕ್ಕೂ ಇರುವ ಅಂತರ ಮುಖ್ಯವಾದುದು. ಕೆಲಸ ಹೆಚ್ಚಾಗಿ ದಣಿದವನು ಹತ್ತು ದಿನ ರಜೆ ಹಾಕಿದರೆ ಚೇತರಿಸಿಕೊಂಡಾನು. ಪರೋಕ್ಷ ಆಘಾತದಲ್ಲಿ ಬದಲಾಗುವುದು ಶಕ್ತಿಯಲ್ಲ, ಲೋಕವನ್ನು ನೋಡುವ ಕಣ್ಣು. ಮನೆ ಸುರಕ್ಷಿತ, ನೆರೆಯವರು ಒಳ್ಳೆಯವರು, ಮಕ್ಕಳಿಗೆ ಯಾರೂ ಕೇಡು ಬಗೆಯರು ಎಂಬ ನಂಬಿಕೆಗಳ ಮೇಲೆ ನಾವೆಲ್ಲ ಬದುಕುತ್ತೇವೆ. ಮಕ್ಕಳ ಮೇಲೆ ಸ್ವಂತ ಬಂಧುಗಳೇ ಎಸಗಿದ ದೌರ್ಜನ್ಯದ ವೃತ್ತಾಂತಗಳನ್ನು ವರ್ಷಗಟ್ಟಲೆ ಕೇಳಿದವರಲ್ಲಿ ಆ ನಂಬಿಕೆ ಸದ್ದಿಲ್ಲದೆ ಸವೆಯುತ್ತದೆ. ತನ್ನ ಮಗುವನ್ನು ಚಿಕ್ಕಪ್ಪನ ಮನೆಯಲ್ಲಿ ಒಂದು ರಾತ್ರಿ ಬಿಡಲು ತಾಯಿಗೆ ಧೈರ್ಯ ಬರುವುದಿಲ್ಲ. ತಾನು ಕಾಣದ ದೃಶ್ಯಗಳು ಕನಸಿನಲ್ಲಿ ಬರುತ್ತವೆ. ಕೆಲವರು ಇದಕ್ಕೆ ವಿರುದ್ಧವಾದ ದಾರಿ ಹಿಡಿಯುತ್ತಾರೆ. ಏನು ಕೇಳಿದರೂ ಮನಸ್ಸು ಕದಲದು, ಎದುರಿಗೆ ಕುಳಿತವರು ಮನುಷ್ಯರಾಗದೆ ಒಂದು ಕಡತದ ಸಂಖ್ಯೆಯಾಗುತ್ತಾರೆ. 2013ರಲ್ಲಿ ಪರಿಷ್ಕೃತವಾದ ಅಮೆರಿಕದ ಮನೋರೋಗ ಕೈಪಿಡಿ, ದೌರ್ಜನ್ಯದ ಭೀಕರ ವಿವರಗಳನ್ನು ಕೆಲಸದ ನಿಮಿತ್ತ ಮತ್ತೆ ಮತ್ತೆ ಎದುರಿಸುವುದರಿಂದಲೂ ಆಘಾತದ ಕಾಯಿಲೆ ಬರಬಹುದೆಂದು ಒಪ್ಪಿಕೊಂಡಿತು. ಕಿವಿಯಿಂದಲೂ ಗಾಯವಾಗುತ್ತದೆ ಎಂಬುದು ಹೀಗೆ ಶಾಸ್ತ್ರಸಮ್ಮತವಾಯಿತು.

ದೂರದ ಮಾತು ಸಾಕು, ಹತ್ತಿರದ ವಯನಾಡನ್ನು ನೋಡೋಣ. 2024ರ ಜುಲೈ 30ರ ನಸುಕಿನಲ್ಲಿ ಮೇಪ್ಪಾಡಿ ಪಂಚಾಯತಿನ ಪುಂಚಿರಿಮಟ್ಟಂ, ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಜರಿದು ಬಿತ್ತು. 200ಕ್ಕೂ ಮಿಕ್ಕಿ ಜನ ಸತ್ತರು. ಅವರಲ್ಲಿ ತೋಟದ ಕೂಲಿಯವರು, ಶಾಲೆಯ ಮಕ್ಕಳು, ಕರ್ನಾಟಕ ಮೂಲದವರು ಎಲ್ಲರೂ ಇದ್ದರು. ಎಷ್ಟೋ ದೇಹಗಳು ಚಾಲಿಯಾರ್ ಹೊಳೆಯಲ್ಲಿ ತೇಲಿ ಮಲಪ್ಪುರಂ ಜಿಲ್ಲೆಯ ನಿಲಂಬೂರಿನ ತನಕ ಹೋದವು. ಸಿಕ್ಕಿದ್ದರಲ್ಲಿ ಅನೇಕವು ಇಡಿಯ ದೇಹಗಳಲ್ಲ. ಗುರುತು ಸಿಗದವರನ್ನು ಪುತ್ತುಮಲೆಯಲ್ಲಿ ಹೆಸರಿನ ಬದಲು ಸಂಖ್ಯೆ ಬರೆದ ಕಲ್ಲುಗಳ ಕೆಳಗೆ ಮಣ್ಣು ಮಾಡಲಾಯಿತು. ಆ ಪುತ್ತುಮಲೆಯೂ 2019ರ ಆಗಸ್ಟಿನಲ್ಲಿ ಗುಡ್ಡ ಜರಿದು ನೊಂದ ಊರೇ.

ಪತ್ರಿಕೆಗಳಲ್ಲಿ ಸೈನಿಕರ ಸೇತುವೆಯ ಚಿತ್ರ ಬಂತು, ಸ್ವಯಂಸೇವಕರ ಚಿತ್ರ ಬಂತು. ಬರಬೇಕಾದದ್ದೇ. ಆದರೆ ಪರಿಹಾರ ಶಿಬಿರಗಳ ಮೂಲೆಯಲ್ಲಿ ಕುರ್ಚಿಯೊಂದನ್ನು ಎಳೆದುಕೊಂಡು, ನಾಲ್ವರು ಮಕ್ಕಳಲ್ಲಿ ಒಬ್ಬನೂ ಉಳಿಯದ ತಂದೆಯ ಮುಂದೆ ಕುಳಿತು ಕೇಳುವುದೆಂದರೇನೆಂಬುದು ಚಿತ್ರಕ್ಕೆ ಸಿಗುವ ಸಂಗತಿಯಲ್ಲ. ದೇಹದ ತುಂಡೊಂದನ್ನು ತೋರಿಸಿ “ಇದು ನಿಮ್ಮವರದೇ?” ಎಂದು ಕೇಳಬೇಕಾದ ದಾದಿಯ ಕೆಲಸವೂ ಹಾಗೆಯೇ. ಇಂಥವರು ಮನೆಗೆ ಹೋದ ಮೇಲೆ ಮಳೆ ಜೋರಾದ ರಾತ್ರಿಗಳಲ್ಲಿ ಹೇಗೆ ನಿದ್ರಿಸುತ್ತಾರೆಂದು ನಾವು ಯೋಚಿಸುವುದು ಅಪರೂಪ. ಅಲ್ಲಿ ದುಡಿದವರಲ್ಲಿ ಬಹಳ ಮಂದಿ ಅದೇ ಜಿಲ್ಲೆಯವರು, ಅದೇ ಗುಡ್ಡಗಳ ಬುಡದಲ್ಲಿ ಮನೆ ಮಾಡಿಕೊಂಡವರು. ಕೇಳುತ್ತಿದ್ದ ಕಥೆ ನಾಳೆ ತಮ್ಮದೂ ಆಗಬಹುದೆಂಬ ಅರಿವಿನೊಂದಿಗೇ ಅವರು ಕೇಳಬೇಕಾಗಿತ್ತು.

ವಯನಾಡಿನದು ಒಂದೇ ರಾತ್ರಿಯಲ್ಲಿ ಎರಗಿದ ದುಃಖವಾದರೆ ನಮ್ಮ ಕಾಸರಗೋಡಿನದು ನಿಧಾನದ ದುಃಖ. ಎಪ್ಪತ್ತರ ದಶಕದ ಉತ್ತರಾರ್ಧದಿಂದ 2000ದ ತನಕ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಕಥೆಯನ್ನು ಎಣ್ಮಕಜೆ, ಪಡ್ರೆಗಳ ಕಡೆಯ ಓದುಗರಿಗೆ ನಾವು ಹೇಳಬೇಕಾಗಿಲ್ಲ. ಅಲ್ಲಿನ ಮನೆಗಳಿಗೆ ಹೋಗುವ ಆಶಾ ಕಾರ್ಯಕರ್ತೆಯರು, ಬಡ್ಸ್ ಶಾಲೆಗಳ ಅಧ್ಯಾಪಿಕೆಯರು, ಸಮಾಲೋಚಕರು ಕೇಳುವುದು ಮುಗಿಯದ ಕಥೆಯನ್ನು. ಇಪ್ಪತ್ತೈದು ವರ್ಷದ ಮಗನನ್ನು ಇಂದಿಗೂ ಎತ್ತಿ ಮೀಯಿಸುವ ತಾಯಿ “ನಾನು ಸತ್ತ ಮೇಲೆ ಇವನಿಗೆ ಯಾರು?” ಎಂದು ಕೇಳುತ್ತಾಳೆ. ಆ ಪ್ರಶ್ನೆಗೆ ಯಾವ ಸಮಾಲೋಚನೆಯಲ್ಲೂ ಉತ್ತರವಿಲ್ಲ. ಬೇಕಾದದ್ದು ಔಷಧಿ, ಹಣ, ಆಶ್ರಯ. ಸಂತ್ರಸ್ತರಿಗೆ ಐದು ಲಕ್ಷ ರೂಪಾಯಿಯಂತೆ ಮೂರು ತಿಂಗಳೊಳಗೆ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2017ರ ಜನವರಿಯಲ್ಲಿ ಹೇಳಿತು, 2022ರಲ್ಲಿ ವಿಳಂಬವನ್ನು ಅದೇ ನ್ಯಾಯಾಲಯ ಕಟುವಾಗಿ ಟೀಕಿಸಬೇಕಾಯಿತು. ಏನು ಮಾಡಬೇಕೆಂದು ಗೊತ್ತಿದ್ದು, ಮಾಡುವ ಅಧಿಕಾರ ಕೈಯಲ್ಲಿಲ್ಲದೆ, ಬರಿಗೈಯಲ್ಲಿ ಮತ್ತೆ ಅದೇ ಅಂಗಳಕ್ಕೆ ಹೋಗುವವರ ನೋವಿಗೆ ದಣಿವೆಂಬ ಹೆಸರು ಸಾಲದು. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರಿಗೆ ಚಿಕಿತ್ಸೆ ನೀಡಿದ ಜೊನಾಥನ್ ಶೇ ಎಂಬ ವೈದ್ಯರು, ಅಧಿಕಾರದಲ್ಲಿರುವವರು ನ್ಯಾಯಕ್ಕೆ ದ್ರೋಹ ಬಗೆದಾಗ ಮನಸ್ಸಿಗಾಗುವ ಪೆಟ್ಟನ್ನು ‘ನೈತಿಕ ಗಾಯ’ ಎಂದು ಕರೆದರು. ಆ ಹೆಸರು ಇಲ್ಲಿಗೂ ಹೊಂದುತ್ತದೆ.

ಗಡಿನಾಡಿನವರಾದ ನಮಗೆ ಇಲ್ಲಿ ಇನ್ನೊಂದು ವಿಷಯ ತೋರುತ್ತದೆ. ಅರ್ಜಿಯನ್ನು ಯಾವ ಭಾಷೆಯಲ್ಲಾದರೂ ಬರೆಯಬಹುದು. ಎದೆಯೊಡೆದು ಅಳುವುದು ಮಾತ್ರ ತಾಯಿಯ ಭಾಷೆಯಲ್ಲೇ. ಕನ್ನಡವನ್ನೋ ತುಳುವನ್ನೋ ಮಾತ್ರ ಬಲ್ಲ ಅಜ್ಜಿ ಬೇರೆ ಭಾಷೆಯ ಸಮಾಲೋಚಕರ ಮುಂದೆ ಕುಳಿತಾಗ ನಡುವೆ ಒಬ್ಬರು ದುಭಾಷಿ ಬೇಕಾಗುತ್ತಾರೆ. ಅನೇಕ ವೇಳೆ ಅದು ಮೊಮ್ಮಗಳು, ಇಲ್ಲವೇ ಪಕ್ಕದ ಮನೆಯ ಹುಡುಗ. ಆ ದುಭಾಷಿಯ ಪಾಡನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ದಕ್ಷಿಣ ಆಫ್ರಿಕದಲ್ಲಿ ವರ್ಣಭೇದದ ಆಡಳಿತ ಕೊನೆಗೊಂಡ ಮೇಲೆ ಸತ್ಯ ಮತ್ತು ಸಮನ್ವಯ ಆಯೋಗ 1996ರ ಏಪ್ರಿಲಿನಿಂದ ಬಹಿರಂಗ ವಿಚಾರಣೆಗಳನ್ನು ನಡೆಸಿತು. ಅದು ಸಂಗ್ರಹಿಸಿದ ನೊಂದವರ ಹೇಳಿಕೆಗಳು ಸುಮಾರು 21,000. ಸಾಕ್ಷಿಗಳು ತಮ್ಮ ತಮ್ಮ ಭಾಷೆಯಲ್ಲಿ ಹೇಳಿದ್ದನ್ನು ದುಭಾಷಿಗಳು ಗಾಜಿನ ಗೂಡಿನೊಳಗೆ ಕುಳಿತು ಆ ಕ್ಷಣದಲ್ಲೇ ಅನುವಾದಿಸುತ್ತಿದ್ದರು. ನಿಯಮದಂತೆ ಉತ್ತಮ ಪುರುಷದಲ್ಲೇ ಹೇಳಬೇಕು. ‘ಅವನನ್ನು ಹೊಡೆದರು’ ಎನ್ನುವಂತಿಲ್ಲ, ‘ನನ್ನನ್ನು ಹೊಡೆದರು’ ಎನ್ನಬೇಕು. ದಿನವಿಡೀ ಪರರ ‘ನಾನು’ ಆಗಿ ಮಾತಾಡಿದವರು ಸಂಜೆ ತಮ್ಮ ‘ನಾನು’ವಿಗೆ ಮರಳುವುದು ಸುಲಭವಾಗಿರಲಿಲ್ಲ. ಬಾನುಲಿಗಾಗಿ ಆ ವಿಚಾರಣೆಗಳನ್ನು ವರದಿ ಮಾಡಿದ ಕವಯಿತ್ರಿ ಆಂಟ್ಯೆ ಕ್ರೋಗ್ 1998ರ ತಮ್ಮ ಪುಸ್ತಕದಲ್ಲಿ ಆ ಕೆಲಸ ತಮ್ಮನ್ನೇ ಹೇಗೆ ಕುಸಿಯುವಂತೆ ಮಾಡಿತೆಂಬುದನ್ನೂ ಬರೆದರು.

ಆ ಆಯೋಗದ ಅಧ್ಯಕ್ಷರು ಆರ್ಚ್‌ಬಿಷಪ್ ಡೆಸ್ಮಂಡ್ ಟೂಟೂ. ವಿಚಾರಣೆಯ ಆರಂಭದ ದಿನಗಳಲ್ಲೇ, ಚಿತ್ರಹಿಂಸೆಗೊಳಗಾಗಿ ಗಾಲಿಕುರ್ಚಿಯಲ್ಲಿ ಕುಳಿತಿದ್ದ ಹಿರಿಯರೊಬ್ಬರ ಮಾತು ಕೇಳುತ್ತ ಟೂಟೂ ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿ ಅತ್ತರು. ಲೋಕವೆಲ್ಲ ಆ ಕಣ್ಣೀರನ್ನು ಮೆಚ್ಚಿತು. ಟೂಟೂ ಮಾತ್ರ ಮೆಚ್ಚಲಿಲ್ಲ. ಎಲ್ಲರ ಗಮನ ನೊಂದವರಿಂದ ತಪ್ಪಿ ತನ್ನ ಕಡೆಗೆ ತಿರುಗಿತು, ಇದು ಅವರಿಗೆ ಮಾಡಿದ ನ್ಯಾಯವಲ್ಲ ಎಂದು ಅವರಿಗೆ ಅನ್ನಿಸಿತು. ಮುಂದೆ ಸಭೆಯಲ್ಲಿ ಅಳಬಾರದೆಂದು ನಿಶ್ಚಯಿಸಿದರು. ಇಲ್ಲಿ ನಮ್ಮ ಪ್ರಶ್ನೆಯ ಮರ್ಮವಿದೆ. ಅಳುವುದು ತಪ್ಪಲ್ಲ. ಆದರೆ ಕೇಳುವವನು ದುಃಖದಲ್ಲಿ ಮುಳುಗಿದರೆ ಹೇಳುವವನಿಗೆ ಹಿಡಿದುಕೊಳ್ಳಲು ದಡವೇ ಇಲ್ಲದಂತಾಗುತ್ತದೆ. ತನ್ನ ಕಥೆಯಿಂದ ಎದುರಿನವರು ನಡುಗಿದ್ದನ್ನು ಕಂಡ ಮಗು ಮುಂದಿನ ಮಾತನ್ನು ನುಂಗಿಕೊಳ್ಳುತ್ತದೆ. ಪಾಠಶಾಲೆಯಲ್ಲಿ ಬದುಕು ಕಳೆದವರೆಲ್ಲ ಇದನ್ನು ಬಲ್ಲರು.

ಹಾಗಾದರೆ ಮನಸ್ಸನ್ನು ಕಲ್ಲು ಮಾಡಿಕೊಳ್ಳಬೇಕೇ? ಕೆಲವರು ಹಾಗೆ ಹೇಳುತ್ತಾರೆ. ವೈದ್ಯನಿಗೆ ರಕ್ತ ಕಂಡು ಅಭ್ಯಾಸವಾದಂತೆ ಇವರಿಗೂ ಅಭ್ಯಾಸವಾಗಲಿ ಎನ್ನುತ್ತಾರೆ. ಆದರೆ ಶಸ್ತ್ರಚಿಕಿತ್ಸಕನ ಕೈ ನಡುಗದಿದ್ದರೆ ಸಾಕು, ಅವನ ಮನಸ್ಸು ಎಲ್ಲಿದ್ದರೂ ಹೊಲಿಗೆ ಸರಿಯಾಗಿ ಬಿದ್ದೀತು. ಸಮಾಲೋಚಕರ ಮನಸ್ಸು ಅಲ್ಲಿಲ್ಲದಿದ್ದರೆ ಚಿಕಿತ್ಸೆಯೇ ಇಲ್ಲ. ತನ್ನ ಮಾತು ಕಲ್ಲಿಗೆ ಬಡಿಯುತ್ತಿದೆ ಎಂಬುದು ನೊಂದವರಿಗೆ ಬೇಗನೆ ತಿಳಿಯುತ್ತದೆ. ಹೀಗೆ ಕರಗಿದರೂ ಕೆಲಸ ಕೆಡುತ್ತದೆ, ಕಲ್ಲಾದರೂ ಕೆಡುತ್ತದೆ.

ಇವೆರಡರ ನಡುವಿನ ದಾರಿಯನ್ನು ನಮ್ಮ ಹಿರಿಯರು ಯೋಚಿಸದೆ ಇರಲಿಲ್ಲ. ಐದನೆಯ ಶತಮಾನದ ಬೌದ್ಧ ಆಚಾರ್ಯ ಬುದ್ಧಘೋಷನು ತನ್ನ ‘ವಿಶುದ್ಧಿಮಗ್ಗ’ದಲ್ಲಿ ಕರುಣೆಗೆ ಇಬ್ಬರು ಶತ್ರುಗಳನ್ನು ಹೇಳುತ್ತಾನೆ. ಕ್ರೌರ್ಯ ದೂರದ ಶತ್ರು, ಅದನ್ನು ಯಾರೂ ಗುರುತಿಸಬಲ್ಲರು. ಹತ್ತಿರದ ಶತ್ರು ಶೋಕ. ಅದು ಕರುಣೆಯ ವೇಷದಲ್ಲೇ ಬರುತ್ತದೆ, ಆದ್ದರಿಂದ ಗುರುತು ಸಿಗುವುದಿಲ್ಲ. ಪರರ ನೋವನ್ನು ನೋಡಿ ಅದು ನೀಗಲೆಂದು ಹಾರೈಸುವುದು ಕರುಣೆ, ನೋಡಿ ತಾನೇ ಕುಗ್ಗಿ ಕೂರುವುದು ಶೋಕ. ನಮ್ಮ ಕಾಲದಲ್ಲಿ ಜರ್ಮನಿಯ ತಾನಿಯಾ ಸಿಂಗರ್ ಎಂಬ ನರವಿಜ್ಞಾನಿಯೂ ಬೌದ್ಧ ಭಿಕ್ಷು ಮಾತ್ಯೂ ರಿಕಾರ್ಡ್ ಅವರೂ ಸೇರಿ ಇದನ್ನೇ ಪರೀಕ್ಷಿಸಿದರು. ಪರರ ನೋವನ್ನು ಕೇವಲ ತನ್ನದಾಗಿ ಅನುಭವಿಸುತ್ತ ಕುಳಿತಾಗ ರಿಕಾರ್ಡ್ ಅಂಥವರೂ ಬೇಗನೆ ಬಸವಳಿದರು. ಆ ಜೀವಕ್ಕೆ ಒಳಿತಾಗಲೆಂಬ ಭಾವನೆಗೆ ಮನಸ್ಸನ್ನು ತಿರುಗಿಸಿದಾಗ ಬಳಲಿಕೆ ಹೋಗಿ ಬಲ ಬಂತು. ಬುದ್ಧಘೋಷನು ಎಳೆದ ಗೆರೆಯ ಹತ್ತಿರಕ್ಕೇ ಯಂತ್ರದ ಪರೀಕ್ಷೆಯೂ ಬಂದು ನಿಂತಿತು. ಈ ಲೆಕ್ಕದಲ್ಲಿ ‘ಕರುಣೆಯ ದಣಿವು’ ಎಂಬ ಹೆಸರೇ ಸರಿಯಲ್ಲ, ದಣಿಯುವುದು ಕರುಣೆಯಲ್ಲ, ಕರುಣೆಯಾಗಿ ಮಾರ್ಪಡದೆ ಉಳಿದ ಶೋಕ ಎನ್ನಬೇಕಾಗುತ್ತದೆ.

ಆದರೆ ಈ ತತ್ತ್ವವನ್ನು ಅಷ್ಟಕ್ಕೇ ಬಿಟ್ಟರೆ ಅಪಾಯವಿದೆ. “ನಿಮಗೆ ದಣಿವಾಯಿತೇ? ಹಾಗಾದರೆ ನಿಮ್ಮ ಕರುಣೆ ಶುದ್ಧವಾಗಿಲ್ಲ, ಧ್ಯಾನ ಮಾಡಿ” ಎಂದು ದುಡಿಯುವವರ ತಲೆಯ ಮೇಲೆಯೇ ಹೊರೆ ಹಾಕಿ ಕೈತೊಳೆದುಕೊಳ್ಳುವವರು ನಮ್ಮಲ್ಲಿ ಕಡಿಮೆಯಿಲ್ಲ. ಮಹಾಭಾರತದ ಸಂಜಯನನ್ನು ನೆನೆಯೋಣ. ವ್ಯಾಸರ ಅನುಗ್ರಹದಿಂದ ದಿವ್ಯದೃಷ್ಟಿ ಪಡೆದು ಹದಿನೆಂಟು ದಿನಗಳ ಹತ್ಯಾಕಾಂಡವನ್ನೆಲ್ಲ ಕಂಡವನು ಅವನು. ಕಂಡದ್ದನ್ನು, ಸತ್ತವರ ತಂದೆಯಾದ ಧೃತರಾಷ್ಟ್ರನಿಗೆ ಅವನೇ ಹೇಳಬೇಕಾಗಿತ್ತು. ಧೃತರಾಷ್ಟ್ರನು ಅತ್ತಾಗ ಸಮಾಧಾನವನ್ನೂ ಅವನೇ ಹೇಳಬೇಕಾಗಿತ್ತು. ದುರ್ಯೋಧನನು ಸತ್ತಾಗ ಆ ದೃಷ್ಟಿ ಅವನನ್ನು ಬಿಟ್ಟುಹೋಯಿತು. ಧೃತರಾಷ್ಟ್ರನು ಯುದ್ಧದ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಲೆಕ್ಕವಿಲ್ಲ. “ಸಂಜಯಾ, ಇದನ್ನೆಲ್ಲ ಕಂಡ ನಿನ್ನ ಮನಸ್ಸು ಹೇಗಿದೆ?” ಎಂಬ ಪ್ರಶ್ನೆ ಆ ದೊಡ್ಡ ಸಂವಾದದ ವಿಷಯವಾಗಲೇ ಇಲ್ಲ. ನಾವು ಇಂದಿಗೂ ಧೃತರಾಷ್ಟ್ರನ ಹಾಗೆಯೇ ಇದ್ದೇವೆ.

ಇಲ್ಲಿ ಪ್ರಬಲವಾದ ಆಕ್ಷೇಪವೊಂದು ಬರುತ್ತದೆ. ಕೇಳುವವರಿಗೆ ಸಂಬಳವುಂಟು, ಸಂಜೆಯಾದರೆ ಹೋಗಲು ಮನೆಯುಂಟು. ಮುಂಡಕ್ಕೈಯ ತಾಯಿಗೆ ಮನೆಯೂ ಇಲ್ಲ, ಮಕ್ಕಳೂ ಇಲ್ಲ, ಅವಳ ದುಃಖಕ್ಕೆ ರಜೆಯೂ ಇಲ್ಲ. ಹೀಗಿರುವಾಗ ಕೇಳುವವರ ಬಳಲಿಕೆಯನ್ನು ದೊಡ್ಡದು ಮಾಡುವುದು ಎಷ್ಟು ಸರಿ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಬಾರದು. ಎರಡು ನೋವುಗಳೂ ಸಮವೆಂದು ನಾವು ಹೇಳುವುದಿಲ್ಲ, ಸಮಾಲೋಚಕರೂ ಹೇಳುವುದಿಲ್ಲ. ಎಷ್ಟೋ ಮಂದಿ ತಮ್ಮ ಬಳಲಿಕೆಯನ್ನು ಬಾಯಿಬಿಟ್ಟು ಹೇಳದಿರುವುದಕ್ಕೆ ಕಾರಣವೇ ಈ ನಾಚಿಕೆ. ಅವರ ದುಃಖದ ಮುಂದೆ ನನ್ನದೇನು ಮಹಾ ಎಂಬ ಭಾವ.

ಉತ್ತರ ನಮಗೆ ನಮ್ಮ ಊರಿನ ಬಾವಿಗಳಿಂದ ತಿಳಿಯುತ್ತದೆ. ಮುರಕಲ್ಲಿನ ಆಳವಾದ ಬಾವಿಗೆ ಯಾರಾದರೂ ಬಿದ್ದರೆ ತಿಳಿದವರು ಹಾಗೆಯೇ ಹಾರುವುದಿಲ್ಲ. ಒಬ್ಬರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುತ್ತಾರೆ, ಮೇಲೆ ನಾಲ್ಕು ಮಂದಿ ಕಾಲೂರಿ ಹಗ್ಗ ಹಿಡಿಯುತ್ತಾರೆ. ಇಳಿದವನಿಗೆ ಹಗ್ಗ ಕಟ್ಟಿದ್ದು ಬಿದ್ದವನಿಗೆ ಬಗೆದ ದ್ರೋಹವೆಂದು ಯಾರೂ ಹೇಳುವುದಿಲ್ಲ. ಹಗ್ಗವಿದ್ದರೆ ತಾನೇ ಇಬ್ಬರೂ ಮೇಲೆ ಬರುವುದು? ಇಳಿದವನೂ ಮುಳುಗಿದರೆ ಬಿದ್ದವನ ನೋವು ಕಿಂಚಿತ್ತೂ ಕಡಿಮೆಯಾಗದು, ಸಾವು ಒಂದರ ಬದಲು ಎರಡಾದೀತು. ನಾಳೆ ಬೀಳುವ ಇನ್ನೊಬ್ಬರಿಗೆ ಇಳಿಯುವವರೂ ಇಲ್ಲದಂತಾದೀತು. ಆದ್ದರಿಂದ ತನ್ನನ್ನು ಕಾಪಾಡಿಕೊಳ್ಳುವುದು ಇಲ್ಲಿ ಸ್ವಾರ್ಥವಲ್ಲ, ವೃತ್ತಿಧರ್ಮದ ಒಂದು ಭಾಗ.

ಈ ಉಪಮಾನದಲ್ಲಿ ಇನ್ನೂ ಒಂದು ಮಾತಿದೆ. ಹಗ್ಗವನ್ನು ಇಳಿದವನು ತಾನೇ ಹಿಡಿದುಕೊಳ್ಳಲಾರ. ಅದನ್ನು ಹಿಡಿಯುವವರು ಮೇಲೆ ನಿಂತವರು. ಸಮುದ್ರಮಥನದಲ್ಲಿ ಹುಟ್ಟಿದ ಹಾಲಾಹಲವನ್ನು ಶಿವನು ಕುಡಿದ ಕಥೆ ನಮ್ಮ ಮನೆಮನೆಗೂ ಗೊತ್ತು. ಅವನು ಅದನ್ನು ಉಗುಳಲಿಲ್ಲ, ಲೋಕ ಸುಡುತ್ತಿತ್ತು. ನುಂಗಲೂ ಇಲ್ಲ, ಕಂಠದಲ್ಲಿ ನಿಲ್ಲಿಸಿಕೊಂಡ. ಜನರು ಹೇಳುವ ಕಥೆಯಲ್ಲಿ ಪಾರ್ವತಿ ಓಡಿಬಂದು ಅವನ ಕೊರಳನ್ನು ಒತ್ತಿ ಹಿಡಿದಳೆಂಬ ಮಾತೂ ಇದೆ. ಸಾಕ್ಷಾತ್ ಶಿವನಿಗೂ ವಿಷವನ್ನು ಕಂಠದಲ್ಲಿ ನಿಲ್ಲಿಸಿಕೊಳ್ಳಲು ಇನ್ನೊಬ್ಬರ ಕೈ ಬೇಕಾಯಿತೆಂದು ಜನ ಕಲ್ಪಿಸಿದರಲ್ಲ, ಅದೇ ಜನರ ಜಾಣತನ.

ವೃತ್ತಿಯಲ್ಲಿ ಆ ಕೈಗೆ ಮೇಲ್ವಿಚಾರಣೆ ಎಂದು ಹೆಸರು. ನಾವು ಶಾಲೆಗಳಲ್ಲಿ ಕಂಡ ತಪಾಸಣೆಯಂಥದಲ್ಲ ಅದು. ಅನುಭವಸ್ಥರಾದ ಇನ್ನೊಬ್ಬ ಸಮಾಲೋಚಕರ ಮುಂದೆ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಕುಳಿತು, ನೊಂದವರ ಹೆಸರು ಗುರುತುಗಳನ್ನು ಬಿಟ್ಟು, ಕೇಳಿದ್ದನ್ನೂ ಕೇಳಿ ತನಗಾದುದನ್ನೂ ಹೇಳಿಕೊಳ್ಳುವ ಏರ್ಪಾಡು. ಇದರಿಂದ ಗುಟ್ಟೂ ಉಳಿಯುತ್ತದೆ, ಭಾರವೂ ಇಳಿಯುತ್ತದೆ. ಇದರ ಜೊತೆಗೆ, ಒಬ್ಬರಿಗೆ ದಿನಕ್ಕೆ ಇಷ್ಟೇ ಮಂದಿ ಎಂಬ ಮಿತಿ ಬೇಕು. ಘೋರವಾದ ಪ್ರಕರಣಗಳೆಲ್ಲ ಒಬ್ಬರ ಪಾಲಿಗೇ ಬೀಳದಂತೆ ಹಂಚಿಕೆ ಬೇಕು. ರಜೆ ಕೇಳಿದರೆ ಕೆಲಸ ಹೋದೀತೆಂಬ ಭಯವಿಲ್ಲದ ನೌಕರಿ ಬೇಕು. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕುರಿತ 2012ರ ಪೋಕ್ಸೋ ಕಾಯ್ದೆಯಂತೆ, ಮಗು ಹೇಳಿದ್ದನ್ನು ಪೊಲೀಸರಿಗೆ ತಿಳಿಸುವುದು ಕಡ್ಡಾಯ. “ಯಾರಿಗೂ ಹೇಳಬೇಡಿ ಟೀಚರ್” ಎಂದು ಕೈಹಿಡಿದು ಬೇಡಿದ ಮಗುವಿನ ಮಾತನ್ನು, ಆ ಮಗುವಿನ ರಕ್ಷಣೆಗಾಗಿಯೇ ಮೀರಬೇಕಾದ ಶಾಲಾ ಸಮಾಲೋಚಕಿಯ ಸಂಕಟ ಸಣ್ಣದಲ್ಲ. ಕಾನೂನು ಸರಿಯಾಗಿಯೇ ಇದೆ. ಆದರೆ ಆ ರಾತ್ರಿ ಅವರು ಯಾರಿಗೆ ಫೋನು ಮಾಡಬೇಕು ಎಂಬುದನ್ನು ಯಾವ ಕಾನೂನೂ ಹೇಳುವುದಿಲ್ಲ.

ನಮ್ಮ ದೇಶದಲ್ಲಿ ಬಾವಿಗೆ ಇಳಿಯುವವರೇ ಕಡಿಮೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ವಯಸ್ಕರಲ್ಲಿ ಶೇಕಡಾ 10.6 ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆಯಿದೆ ಎಂದು ತಿಳಿಸಿತು. ಸಮೀಕ್ಷೆಗೊಳಗಾದ ರಾಜ್ಯಗಳಲ್ಲಿ ಲಕ್ಷ ಜನರಿಗೆ ಮನೋವೈದ್ಯರ ಸಂಖ್ಯೆ ಮಧ್ಯಪ್ರದೇಶದಲ್ಲಿ 0.05, ಕೇರಳದಲ್ಲಿ 1.2 ಇತ್ತು. ಮುಂದೆ ಇರುವ ಕೇರಳದಲ್ಲೇ ಲಕ್ಷಕ್ಕೆ ಒಬ್ಬರು ಚಿಲ್ಲರೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆ 14416 ಎಂಬ ಸಂಖ್ಯೆಗೆ ಕರೆ ಮಾಡಿದವರಿಗೆ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಉತ್ತರಿಸುತ್ತದೆ. ಒಳ್ಳೆಯ ಏರ್ಪಾಡು, ನಮ್ಮ ಓದುಗರು ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಆದರೆ ಕರೆಗಳು ಹೆಚ್ಚಿದಷ್ಟೂ ಆ ತುದಿಯಲ್ಲಿ ಕುಳಿತವರ ಭಾರವೂ ಹೆಚ್ಚುತ್ತದೆಂಬುದನ್ನು ಮರೆಯಬಾರದು.

ಇಷ್ಟನ್ನು ಓದಿದವರಿಗೆ, ನಮ್ಮ ಮಕ್ಕಳು ಈ ವೃತ್ತಿಗೆ ಹೋಗದಿರುವುದೇ ಒಳಿತೆಂದು ತೋರಬಹುದು. ಹಾಗಲ್ಲ. ಕೊಲಂಬಿಯಾ ದೇಶದಲ್ಲಿ ರಾಜಕೀಯ ಹಿಂಸೆಗೆ ತುತ್ತಾದವರ ನಡುವೆ ದುಡಿಯುವ ಚಿಕಿತ್ಸಕರನ್ನು ಮಾತಾಡಿಸಿ ಮೂವರು ವಿದ್ವಾಂಸರು 2007ರಲ್ಲಿ ಒಂದು ಪ್ರಬಂಧ ಬರೆದರು. ಆ ಚಿಕಿತ್ಸಕರಲ್ಲಿ ನೋವು ಮಾತ್ರವಲ್ಲದೆ ಇನ್ನೊಂದೂ ಕಂಡುಬಂತು. ಎಲ್ಲವನ್ನೂ ಕಳೆದುಕೊಂಡವರು ಮತ್ತೆ ಎದ್ದು ನಿಲ್ಲುವುದನ್ನು ಹತ್ತಿರದಿಂದ ಕಂಡವರಿಗೆ ತಮ್ಮ ಬದುಕಿನ ತೊಡಕುಗಳನ್ನು ಎದುರಿಸುವ ಧೈರ್ಯವೂ ಬಂದಿತ್ತು. ಆಘಾತ ಪರೋಕ್ಷವಾಗಿ ತಗಲುವಂತೆ ಚೇತರಿಕೆಯೂ ಪರೋಕ್ಷವಾಗಿ ತಗಲುತ್ತದೆ. ಹಂಚಿಕೊಂಡ ದುಃಖದ ಉಳಿದರ್ಧ ಎಲ್ಲಿ ಹೋಯಿತೆಂಬ ಲೆಕ್ಕಕ್ಕೆ ಉತ್ತರದ ಒಂದು ತುಣುಕು ಇಲ್ಲಿದೆ. ಅದು ಕೇಳಿದವರ ಎದೆಗೇ ಹೋಗುತ್ತದೆ. ಅಲ್ಲಿ ಅದನ್ನು ಹಂಚಿಕೊಳ್ಳುವ ದಾರಿಯಿದ್ದರೆ ಅರಿವಾಗುತ್ತದೆ, ದಾರಿಯಿಲ್ಲದಿದ್ದರೆ ವಿಷವಾಗುತ್ತದೆ.

ಸರಕಾರ ಮಾಡಬೇಕಾದದ್ದನ್ನು ಸರಕಾರ ಮಾಡಲಿ, ನಾವು ಒತ್ತಾಯಿಸೋಣ. ಸಂಘದ ಸದಸ್ಯರಾದ ನಮ್ಮ ಕೈಯಲ್ಲಿ ಆಗುವ ಕೆಲಸಗಳೂ ಇವೆ. ನಮ್ಮ ಮನೆಯ ಮಗಳೋ ಸೊಸೆಯೋ ಇಂಥ ವೃತ್ತಿಯಲ್ಲಿದ್ದರೆ, ಮನೆಗೆ ಬಂದ ತಕ್ಷಣ ಮನೆಯ ತಾಪತ್ರಯಗಳನ್ನು ಅವರ ಮುಂದೆ ಸುರಿಯದೆ ಅರ್ಧ ಗಂಟೆ ಸುಮ್ಮನೆ ಬಿಡಬಹುದು. ಏನು ಕೇಳಿದಿರೆಂದು ಕೆದಕದೆ, ಹೇಗಿದ್ದೀರೆಂದು ವಿಚಾರಿಸಬಹುದು. “ನೀವು ಎಲ್ಲರಿಗೂ ಬುದ್ಧಿ ಹೇಳುವವರು, ನಿಮಗೇಕೆ ಬೇಸರ?” ಎಂಬ ಚುಚ್ಚುಮಾತನ್ನು ಬಿಡಬಹುದು. ಆಶಾ ಕಾರ್ಯಕರ್ತೆ ಅಂಗಳಕ್ಕೆ ಬಂದಾಗ ಮಾತ್ರೆಯ ಲೆಕ್ಕ ಕೇಳುವ ಮೊದಲು ಕುಳಿತುಕೊಳ್ಳಲು ಹೇಳಿ ಒಂದು ಲೋಟ ನೀರು ಬೆಲ್ಲ ಕೊಡಬಹುದು. ಕನ್ನಡ, ತುಳು ಬಲ್ಲ ಯುವಕ ಯುವತಿಯರು ಸಮಾಲೋಚನೆಯ ಶಿಕ್ಷಣ ಪಡೆಯುವಂತೆ ಸಂಘ ಪ್ರೋತ್ಸಾಹಿಸಬಹುದು. ಆಗ ನಮ್ಮ ಅಜ್ಜಿಯರಿಗೆ ತಮ್ಮ ಭಾಷೆಯಲ್ಲೇ ಅಳುವ ಅವಕಾಶ ಸಿಗುತ್ತದೆ, ನಡುವೆ ಕುಳಿತ ಮೊಮ್ಮಗಳ ಮೇಲಿನ ಹೊರೆಯೂ ಇಳಿಯುತ್ತದೆ.

ಬಾವಿಗೆ ಇಳಿಯುವ ಧೈರ್ಯ ಎಲ್ಲರಿಗೂ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಮೇಲೆ ನಿಂತು ಹಗ್ಗ ಹಿಡಿಯಲು ಎರಡು ಕೈಗಳಿದ್ದರೆ ಸಾಕು. ಆ ಕೈಗಳು ನಮ್ಮೆಲ್ಲರಿಗೂ ಇವೆ.